ಟೈಟಾನಿಯಂ ಅಂದ, ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿತು: ಕಸ್ಟಮ್ ಮಲ್ಟಿಟೂಲ್ ಮಾಡಿಸುವವರು ದಯವಿಟ್ಟು ಓದಿ

ಮಲ್ಟಿಟೂಲ್ (ಪ್ಲೈಯರ್, ಬ್ಲೇಡ್ ಎಲ್ಲ ಮಡಚಿ ಜೇಬಿಗೆ ಹಾಕುವ ಟೂಲ್) ಕಸ್ಟಮ್ ಮಾಡಿಸಿ ಗೆಳೆಯರಿಗೆ ಗಿಫ್ಟ್ ಕೊಡೋಣ ಎಂದುಕೊಂಡಿದ್ದೀರಾ? ಸ್ವಲ್ಪ ತಡೆಯಿರಿ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಾದರೆ ಇನ್ನೂ ಒಳ್ಳೆಯದು. ನನಗೆ ಆಗಿದ್ದನ್ನು ಓದಿ, ಆಮೇಲೆ ನಿಮ್ಮಿಷ್ಟ.

ಮಾಡಿಕೊಟ್ಟವನ ಹೆಸರು ಹೇಳುವುದಿಲ್ಲ. ಬೆರಳು ತುರಿಸುತ್ತಿದೆ, ಆದರೂ ಹೇಳುವುದಿಲ್ಲ.

ನನ್ನ ಗೆಳೆಯ ಎಲೆಕ್ಟ್ರಿಷಿಯನ್. ದಿನವಿಡೀ ಏಣಿ ಮೇಲೆಯೇ ಇರುತ್ತಾನೆ. ಒಂದು ಕೈಯಲ್ಲಿ ವೈರ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತೆರೆಯುವಂಥ ಟೂಲ್ ಬೇಕು ಅನ್ನುತ್ತಿದ್ದ. ಅದಕ್ಕೆ ಹೊಸ ಲೆದರ್‌ಮನ್ ವೇವ್ ಪ್ಲಸ್ ತೆಗೆದುಕೊಂಡೆ. ಬ್ಲೇಡ್ ಹೊರಗಿನಿಂದಲೇ ತೆರೆಯುತ್ತದೆ. ವೈರ್ ಕಟ್ಟರ್ ಸವೆದರೆ ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ಆದರೆ ಅದರಲ್ಲಿರುವ ಮರದ ಗರಗಸದಿಂದ ಅವನಿಗೆ ಏನೂ ಉಪಯೋಗವಿಲ್ಲ. ಆ ಜಾಗಕ್ಕೆ ಕೇಬಲ್ ಸಿಪ್ಪೆ ಸೀಳುವ ಕೊಕ್ಕೆ ಬ್ಲೇಡ್ ಹಾಕಿಸಬೇಕು. ಹೊರಗಿನ ಎರಡೂ ಬದಿಗೆ ಟೈಟಾನಿಯಂ ಸ್ಕೇಲ್, ಅಂದರೆ ಹಿಡಿಯ ಹೊರಪ್ಲೇಟು, ಕೂರಿಸಬೇಕು, ನೀಲಿ ಬಣ್ಣಕ್ಕೆ ಆನೊಡೈಸ್ (ಕರೆಂಟ್ ಹಾಯಿಸಿ ಬಣ್ಣ ಬರಿಸುವುದು) ಮಾಡಿ. ಇಷ್ಟೇ ಕೆಲಸ.

ಟೂಲ್ ಬಿಚ್ಚಿ ಬದಲಾಯಿಸಿದರೆ ಕಂಪನಿಯ 25 ವರ್ಷದ ವಾರಂಟಿ ಹೋಗುತ್ತದೆ. ಅದು ಗೊತ್ತಿದ್ದೇ ಕಳಿಸಿದ್ದು. ಅದಕ್ಕೆ ತಕರಾರಿಲ್ಲ.

ಮಾತು ಚೆನ್ನಾಗಿಯೇ ಶುರುವಾಯಿತು. ಕೊಕ್ಕೆ ಬ್ಲೇಡನ್ನು ಎಸ್30ವಿ ಅನ್ನುವ ಒಳ್ಳೆಯ ಚಾಕು ಸ್ಟೀಲಿನಲ್ಲಿ ಹೊಸದಾಗಿ ಕತ್ತರಿಸಿ ಮಾಡುತ್ತೇನೆ ಅಂದ. ಸ್ಕೇಲ್ ಗ್ರೇಡ್ 5 ಟೈಟಾನಿಯಂ ಅಂದ. ಅರ್ಧ ಹಣ ಮೊದಲೇ, ಉಳಿದದ್ದು ಕಳಿಸುವ ಮುಂಚೆ. ಎಲ್ಲರೂ ಹಾಗೇ ಕೇಳುವುದು, ಅಲ್ವಾ? ನಡುವೆ ಒಂದು ವಿಡಿಯೋ ಕೂಡ ಕಳಿಸಿದ. ಪ್ಲೇಟಿಗೆ ಮ್ಯಾಗ್ನೆಟ್ ಇಡುತ್ತಾನೆ, ಜಾರಿ ಬೀಳುತ್ತದೆ. ಟೈಟಾನಿಯಂಗೆ ಮ್ಯಾಗ್ನೆಟ್ ಅಂಟುವುದಿಲ್ಲವಲ್ಲ. 'ನೋಡಿ ಸರ್, ಅಪ್ಪಟ ಮಾಲು.' ಆ ವಿಡಿಯೋದಲ್ಲಿದ್ದ ಪ್ಲೇಟಿಗೆ ಒಂದು ತೂತೂ ಇರಲಿಲ್ಲ. ಬರೀ ತುಂಡು. ಅದು ನನ್ನದೇ ಟೂಲಿಗೆ ಬರುವ ಪ್ಲೇಟು ಅನ್ನುವುದಕ್ಕೆ ಅವನ ಬಾಯಿಮಾತು ಬಿಟ್ಟರೆ ಬೇರೇನೂ ಇಲ್ಲ.

ಟೂಲ್ ಬಂತು. ನೋಡಲು ಚೆಂದವೇ ಇತ್ತು, ಅದನ್ನು ಒಪ್ಪಬೇಕು. ಗೆಳೆಯನಿಗೆ ಕೊಟ್ಟೆ. ಅವನ ಜೊತೆ ಕೆಲಸ ಮಾಡುವ ಹುಡುಗರೂ ಅಲ್ಲೇ ಇದ್ದರು. ನಾನೋ ಟೈಟಾನಿಯಂ, ಗ್ರೇಡ್ 5, ಎಸ್30ವಿ ಅಂತ ದೊಡ್ಡದಾಗಿ ಹೇಳುತ್ತಾ ನಿಂತಿದ್ದೆ. ಗೆಳೆಯ ಸ್ಕ್ರೂ ಬೀಳದಿರಲಿ ಅಂತ ಕೈಗೆ ಮ್ಯಾಗ್ನೆಟ್ ಪಟ್ಟಿ ಕಟ್ಟಿಕೊಳ್ಳುತ್ತಾನೆ. ಟೂಲನ್ನು ಆ ಪಟ್ಟಿಯ ಹತ್ತಿರ ತಂದ. ಟಪ್ ಅಂತ ಅಂಟಿತು. ಕೀಳಲು ಜಗ್ಗಬೇಕಾಯಿತು. ಹಾಗೆ ಜಗ್ಗುವಾಗ ಅವನ ಉಗುರು ತಾಗಿ ನೀಲಿ ಬಣ್ಣ ಚಕ್ಕೆ ಎದ್ದಿತು.

'ಪೇಂಟಾ?' ಅಂದ.

ಅಷ್ಟೇ ಅಂದಿದ್ದು. ಹುಡುಗರಲ್ಲಿ ಒಬ್ಬ ಆ ಕಡೆ ತಿರುಗಿ ನಕ್ಕ. ನನ್ನ ಮುಖ ಎಲ್ಲಿಡಲಿ? ಟೈಟಾನಿಯಂ ಆನೊಡೈಸ್ ಆದಾಗ ಬಣ್ಣ ಬರುವುದು ಮೇಲಿನ ತೆಳು ಆಕ್ಸೈಡ್ ಪದರದಿಂದ. ಅಲ್ಲಿ ಬಣ್ಣ ಬಳಿಯುವುದೇ ಇಲ್ಲ. ಉಜ್ಜಿ ಉಜ್ಜಿ ಸವೆಯಬಹುದು, ಚಕ್ಕೆಯಾಗಿ ಏಳುವುದಿಲ್ಲ. ಇದು ಚಕ್ಕೆ ಎದ್ದಿತ್ತು.

ಅವತ್ತೇ ಮೆಸೇಜ್ ಹಾಕಿದೆ. ಈಗ ಅವನ ಉತ್ತರಗಳನ್ನು ನೋಡಿ.

ಮೊದಲನೇ ಉತ್ತರ: 'ಸರ್, ಒಳಗಿರುವ ಪ್ಲೈಯರ್, ಬ್ಲೇಡ್ ಎಲ್ಲ ಸ್ಟೀಲ್ ಅಲ್ವಾ? ಮ್ಯಾಗ್ನೆಟ್ ಅದಕ್ಕೆ ಅಂಟುತ್ತಿದೆ. ಸ್ಕೇಲಿಗಲ್ಲ.'

ಸಿಟ್ಟಿನಲ್ಲೂ ಒಂದು ಕ್ಷಣ ನಂಬಿದೆ. ಯಾಕೆಂದರೆ ಮಾತು ಸರಿಯೇ ಇದೆ. ತೆಳು ಟೈಟಾನಿಯಂ ಪ್ಲೇಟಿನ ಹಿಂದೆ ಸ್ಟೀಲ್ ಇದ್ದರೆ ಮ್ಯಾಗ್ನೆಟ್ ಅಂಟಿಯೇ ಅಂಟುತ್ತದೆ. ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಸ್ಕೇಲ್ ಬಿಚ್ಚಿ ಬೇರೆ ಇಟ್ಟು ನೋಡಬೇಕು. ಗೆಳೆಯನೇ ಟಾರ್ಕ್ಸ್ ಬಿಟ್ (ನಕ್ಷತ್ರದ ಆಕಾರದ ಸ್ಕ್ರೂ ಬಿಚ್ಚುವ ತುದಿ) ತಂದು ಬಿಚ್ಚಿದ. ಮೇಜಿನ ಮೇಲೆ ಬರೀ ಸ್ಕೇಲ್, ಸುತ್ತ ಬೇರೆ ಲೋಹವಿಲ್ಲ. ಮ್ಯಾಗ್ನೆಟ್ ಇಟ್ಟ. ಟಪ್.

ಎರಡನೇ ಉತ್ತರ: 'ಅದು ಮಿಶ್ರಲೋಹ ಸರ್, ಅದರಲ್ಲಿ ಸ್ವಲ್ಪ ಕಬ್ಬಿಣ ಇರುತ್ತದೆ.'

ಗ್ರೇಡ್ 5 ಅಂದರೆ ಟೈಟಾನಿಯಂ ಜೊತೆ ಸುಮಾರು 6 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ವನೇಡಿಯಂ. ಕಬ್ಬಿಣ ಅರ್ಧ ಶೇಕಡಾ ಕೂಡ ಇರುವುದಿಲ್ಲ. ಅದಕ್ಕೆ ಮ್ಯಾಗ್ನೆಟ್ ಅಂಟುವ ಮಾತೇ ಇಲ್ಲ. ಇದನ್ನೇ ಬರೆದೆ. ಜೊತೆಗೆ ಸ್ಕೇಲಿನ ಅಂಚನ್ನು ಗ್ರೈಂಡರಿಗೆ ತಾಗಿಸಿದ ವಿಡಿಯೋ ಕಳಿಸಿದೆ. ಟೈಟಾನಿಯಂ ಕಿಡಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತದೆ. ನಮ್ಮದು ಹಳದಿ ಕಿಡಿ ಕಾರಿತು, ಸಾದಾ ಸ್ಟೀಲಿನ ಹಾಗೆ.

ಮೂರನೇ ಉತ್ತರ: 'ನೀವು ಟೈಟಾನಿಯಂ ಫಿನಿಶ್ ಕೇಳಿದ್ರಿ ಸರ್.'

ಫಿನಿಶ್! ಹಳೇ ಮೆಸೇಜುಗಳಲ್ಲಿ 'ಗ್ರೇಡ್ 5' ಅಂತ ಅವನೇ ಬರೆದಿದ್ದ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಉತ್ತರವಿಲ್ಲ. ಮಾರನೇ ದಿನ ಬಂದ ಮಾತು ಇದೆಯಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

'ನೀವು ಸ್ಕೇಲ್ ಬಿಚ್ಚಿದ್ದೀರಿ. ಸೀಲ್ ಹೋಯಿತು. ಇನ್ನು ನನ್ನ ಜವಾಬ್ದಾರಿ ಇಲ್ಲ.'

ಗೊತ್ತಾಯಿತಲ್ಲ ಆಟ? ಬಿಚ್ಚದಿದ್ದರೆ 'ಒಳಗಿನ ಸ್ಟೀಲಿಗೆ ಅಂಟುತ್ತಿದೆ'. ಬಿಚ್ಚಿದರೆ 'ಬಿಚ್ಚಿದ್ದೀರಿ, ನಂದೇನೂ ಇಲ್ಲ'. ಬಿಚ್ಚದೆ ಮೋಸ ಹಿಡಿಯಲು ಬರುವುದಿಲ್ಲ, ಬಿಚ್ಚಿದ ಮೇಲೆ ಹಿಡಿದರೂ ಲೆಕ್ಕಕ್ಕಿಲ್ಲ. ಬಿಚ್ಚಬಾರದು ಅನ್ನುವ ಮಾತನ್ನು ದುಡ್ಡು ತೆಗೆದುಕೊಳ್ಳುವಾಗ ಒಂದು ಸಲವೂ ಎತ್ತಿರಲಿಲ್ಲ. ಸೀಲ್ ಅಂತೆ ಸೀಲ್. ಸ್ಕ್ರೂ ಮೇಲೆ ಒಂದು ಚುಕ್ಕೆ ಬಣ್ಣವೂ ಇರಲಿಲ್ಲ.

ಇನ್ನು ಕೊಕ್ಕೆ ಬ್ಲೇಡಿನ ಕಥೆ. ತೆಗೆದ ಭಾಗಗಳನ್ನೆಲ್ಲ ವಾಪಸ್ ಕೊಡಬೇಕು ಅಂತ ಮೊದಲೇ ಮಾತಾಗಿತ್ತು. ಗರಗಸ ಎಲ್ಲಿ ಅಂತ ಕೇಳಿದರೆ 'ಸ್ಕ್ರ್ಯಾಪಿಗೆ ಹೋಯಿತು ಸರ್, ಅದೆಲ್ಲ ಯಾರು ಇಟ್ಟುಕೊಳ್ಳುತ್ತಾರೆ' ಅಂದ. ಗರಗಸ ಎಲ್ಲೂ ಹೋಗಿರಲಿಲ್ಲ. ನಮ್ಮ ಕೈಯಲ್ಲೇ ಇತ್ತು. ಕೊಕ್ಕೆಯನ್ನು ಪೂರ್ತಿ ತೆರೆದು ಬುಡದಲ್ಲಿ ನೋಡಿದರೆ ಹಲ್ಲಿನ ಸಾಲು ಅರ್ಧಂಬರ್ಧ ಉಳಿದಿದೆ. ಗರಗಸವನ್ನೇ ಉಜ್ಜಿ ಕೊಕ್ಕೆ ಮಾಡಿದ್ದಾನೆ! ಎಸ್30ವಿ ಅಂತೆ. ಉಜ್ಜುವಾಗ ನೀರಲ್ಲಿ ಅದ್ದುವ ವ್ಯವಧಾನವೂ ಅವನಿಗಿರಲಿಲ್ಲ. ತುದಿ ನೀಲಿಗಟ್ಟಿತ್ತು. ಸಾದಾ ಸ್ಟೀಲ್ 300 ಡಿಗ್ರಿ ಆಸುಪಾಸಿನಲ್ಲಿ ನೀಲಿಯಾಗುತ್ತದೆ, ಸ್ಟೇನ್‌ಲೆಸ್ ಆ ಬಣ್ಣಕ್ಕೆ ಬರಬೇಕಾದರೆ ಇನ್ನೂ ಜಾಸ್ತಿ ಬಿಸಿಯಾಗಬೇಕು. ಅಷ್ಟು ಕಾದ ಅಂಚಿನಲ್ಲಿ ಗಡಸು ಎಲ್ಲಿ ಉಳಿಯುತ್ತದೆ? ಗೆಳೆಯ ಒಂದಿಷ್ಟು ಕೇಬಲ್ ಸೀಳುವುದರೊಳಗೆ ಅಂಚು ಮಡಚಿಕೊಂಡಿತು.

ಇದನ್ನು ಕೇಳಿದ್ದಕ್ಕೆ: 'ನೀಲಿ ಬಣ್ಣ ಡಿಸೈನ್ ಸರ್, ಸ್ಕೇಲಿಗೆ ಮ್ಯಾಚ್ ಆಗಲಿ ಅಂತ.'

ಡಿಸೈನ್! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟೂ ಹಣದ ಮಾತು, ಮರ್ಯಾದೆಯ ಮಾತು. ಇನ್ನೊಂದು ಇದೆ, ಅದು ಜೀವದ ಮಾತು. ಪ್ಲೈಯರ್ ಹಿಡಿಯ ಒಂದು ಭಾಗಕ್ಕೆ ಕೆಂಪು ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಸುತ್ತಿ, ಅದರ ಮೇಲೆ '1000 ವೋಲ್ಟ್' ಅಂತ ಸ್ಟಿಕ್ಕರ್ ಹಾಕಿದ್ದ. ನಾನು ಕೇಳಿರಲೇ ಇಲ್ಲ. 'ನಿಮ್ಮ ಫ್ರೆಂಡ್ ಎಲೆಕ್ಟ್ರಿಷಿಯನ್ ಅಂದ್ರಲ್ಲ, ಅದಕ್ಕೆ ಫ್ರೀ' ಅಂದ. ಗೆಳೆಯ ಮೊದಲು ಕಿತ್ತು ಎಸೆದದ್ದೇ ಅದನ್ನು. ನಿಜವಾದ 1000 ವೋಲ್ಟ್ ಟೂಲುಗಳನ್ನು ಕರೆಂಟ್ ಇರುವ ಕಡೆ ಬಳಸುವ ಟೂಲುಗಳಿಗೆ ಇರುವ ಐಇಸಿ 60900 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ 10,000 ವೋಲ್ಟ್ ಹಾಕಿ ಪರೀಕ್ಷೆ ಮಾಡಿರುತ್ತಾರೆ, ಮೇಲೆ ಜೋಡಿ ತ್ರಿಕೋನದ ಗುರುತು ಇರುತ್ತದೆ. ಜೇಬಿನ ಮಲ್ಟಿಟೂಲಿಗೆ ಟ್ಯೂಬ್ ಸುತ್ತಿದ ಮಾತ್ರಕ್ಕೆ ಅದು ಆಗುವುದಿಲ್ಲ. ಮಡಚುವ ಹಿಡಿ, ಎಲ್ಲೆಲ್ಲೂ ಬರಿ ಲೋಹ, ಕೈ ಜಾರಿದರೆ ಮುಗಿಯಿತು. ಗೆಳೆಯನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದ ಹೊಸ ಹುಡುಗನ ಕೈಗೆ ಸಿಕ್ಕಿದ್ದರೆ? ಅದನ್ನು ಕೇಳಿದರೆ ಅವನು ಕಳಿಸಿದ್ದು ಕೈಮುಗಿಯುವ ಚಿತ್ರ. ಮಾತಿಲ್ಲ, ಬರೀ ಕೈಮುಗಿಯುವ ಚಿತ್ರ.

ಮಾಡಿಸಲೇಬೇಕು ಅನ್ನುವವರಿಗೆ: ಸ್ಕೇಲ್ ಕೂರಿಸುವ ಮುಂಚೆ, ತೂತು ಕೊರೆದ ಮೇಲೆ, ನಿಮ್ಮ ಟೂಲ್ ಪಕ್ಕದಲ್ಲೇ ಇಟ್ಟು ನಡುವೆ ಎಲ್ಲೂ ಕಟ್ ಮಾಡದ ಒಂದೇ ವಿಡಿಯೋ ಕೇಳಿ. ಮ್ಯಾಗ್ನೆಟ್ ಅಂಟಲಿಲ್ಲ ಅಂದ ಮಾತ್ರಕ್ಕೆ ಟೈಟಾನಿಯಂ ಅಂತಲೂ ಅಲ್ಲ, ಕೆಲವು ಸ್ಟೇನ್‌ಲೆಸ್‌ಗೂ ಅಂಟುವುದಿಲ್ಲ. ಅದಕ್ಕೇ ತೂಕವನ್ನೂ ತೋರಿಸಲು ಹೇಳಿ. ಅಷ್ಟೇ ಗಾತ್ರದ ಸ್ಟೀಲ್ ತುಂಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಗಬೇಕು. ಬಿಚ್ಚಿ ನೋಡುವ ಹಕ್ಕು ನಿಮಗಿದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತೆಗೆದ ಭಾಗಗಳು ಕೈಗೆ ಬರುವವರೆಗೆ ಬಾಕಿ ಕೊಡಬೇಡಿ. 'ನಂಬಿಕೆ ಇಲ್ವಾ ಸರ್' ಅಂದರೆ ಇಲ್ಲ ಅನ್ನಿ.

ಗೆಳೆಯ ಪಾಪ, ಒಂದು ಮಾತೂ ಆಡಲಿಲ್ಲ. 'ಪ್ಲೈಯರ್ ಚೆನ್ನಾಗಿದೆ ಬಿಡೋ' ಅಂದ. ಹೌದು, ಪ್ಲೈಯರ್ ಕಂಪನಿಯದ್ದು, ಅದನ್ನು ಇವನು ಮುಟ್ಟಿಲ್ಲ.

ಹಣ ವಾಪಸ್ ಕೇಳಿ ಕೊನೇ ಸಲ ಮೆಸೇಜ್ ಹಾಕಿದ್ದೆ. ಉತ್ತರ ನಿನ್ನೆ ಬಂತು. ನಾವು ಬಿಚ್ಚಿದ ಸ್ಕೇಲನ್ನು ಮತ್ತೆ ಕೂರಿಸಿಕೊಡಲು ಎಷ್ಟಾಗುತ್ತದೆ ಅಂತ ಎಸ್ಟಿಮೇಟ್ ಕಳಿಸಿದ್ದಾನೆ. ಅದಕ್ಕೂ ಅರ್ಧ ಅಡ್ವಾನ್ಸ್ ಬೇಕಂತೆ.