ಮಗ್ಗದ ಮನೆಗೆ ಬಂದ ಮೌನ: 3ಎಂ 1100 ಇಯರ್‌ಪ್ಲಗ್

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್, ಹಿಂದೆ ಅಡುಗೆಮನೆ, ನಡುವೆ ಒಂದೇ ಗೋಡೆ. ಬೆಳಿಗ್ಗೆ ಆರಕ್ಕೆ ಶುರುವಾದ ಸದ್ದು ರಾತ್ರಿ ಒಂಬತ್ತರವರೆಗೂ ಇರುತ್ತಿತ್ತು. ಮನೆಯೊಳಗೆ ನಾವು ಮಾತಾಡುತ್ತಿದ್ದದ್ದೇ ಕೈಸನ್ನೆಯಲ್ಲಿ. ಸದ್ದು ನಿಂತಿತು ಅಂದರೆ ಕರೆಂಟ್ ಹೋಯಿತು ಅಂತ ಅರ್ಥ. ಕರೆಂಟ್ ಹೋದರೆ ಸೀರೆ ನಿಂತಿತು, ಸೀರೆ ನಿಂತರೆ ಕೂಲಿ ನಿಂತಿತು. ಮನೆ ಸುಮ್ಮನಾದ ಕೂಡಲೇ ಅಮ್ಮನ ಮುಖ ಸಣ್ಣಗಾಗುತ್ತಿತ್ತು. ಹಾಗೆ ಬೆಳೆದವಳಿಗೆ ಮೌನ ಒಳ್ಳೆಯದು ಅಂತ ಗೊತ್ತಾಗಲು ಮೂವತ್ತೆಂಟು ವರ್ಷ ಬೇಕಾಯಿತು.

ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆ. ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಕಳೆದ ವರ್ಷ ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಶುರು ಮಾಡಿದರು. ಹಗಲು ಟೈಲ್ಸ್ ಕತ್ತರಿಸುವ ಮೆಷಿನ್, ರಾತ್ರಿ ಹನ್ನೊಂದಕ್ಕೆ ಜಲ್ಲಿ ಸುರಿಯುವ ಲಾರಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬೆಲ್ ದಾಟಬಾರದು ಅಂತ 2000ನೇ ಇಸವಿಯ ನಿಯಮ ಇದೆ. ಹೋಗಿ ಹೇಳಿದೆ. ನಾಲ್ಕು ದಿನ ನಿಂತಿತು, ಮತ್ತೆ ಶುರುವಾಯಿತು. ನಿದ್ದೆಯಿಲ್ಲದೆ ಒಂದು ಅಂಗಡಿಯ ರಿಟರ್ನ್‌ನಲ್ಲಿ ತಪ್ಪು ಮಾಡಿದೆ. ಆ ವಾರವೇ ಎಸ್.ಪಿ. ರಸ್ತೆಗೆ ಹೋಗಿ, ಹೆಲ್ಮೆಟ್ಟು, ಗ್ಲೌಸು ಮಾರುವ ಅಂಗಡಿಯಲ್ಲಿ ಈ ಇಯರ್‌ಪ್ಲಗ್ ತಂದೆ. ಜೋಡಿಗೆ 15 ರೂಪಾಯಿ.

ನೋಡಲು ಏನೂ ಇಲ್ಲ. ಕಿತ್ತಳೆ ಬಣ್ಣದ ಮೆತ್ತನೆಯ ಫೋಮ್, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಆದರೆ ಹಾಕುವುದು ಕಲಿಯಬೇಕು. ಸುಮ್ನೆ ಕಿವಿಗೆ ತುರುಕಿದರೆ ಅರ್ಧ ಆಚೆ ಉಳಿಯುತ್ತದೆ, ಆಮೇಲೆ ‘ಇದು ಕೆಲಸಕ್ಕೆ ಬರಲ್ಲ’ ಅನ್ನಿಸುತ್ತದೆ. ಕೈ ತೊಳೆದುಕೊಂಡು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಬತ್ತಿಯ ಹಾಗೆ ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯಬೇಕು. ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಒಳಗಿಟ್ಟು ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿದರೆ ಫೋಮ್ ನಿಧಾನವಾಗಿ ಅರಳಿ ಕೂರುತ್ತದೆ. ನನಗೆ ಸರಿಯಾಗಿ ಕೈ ಹತ್ತಲು ಮೂರು ರಾತ್ರಿ ಬೇಕಾಯಿತು.

ಸರಿಯಾಗಿ ಕೂತ ಆ ರಾತ್ರಿ ಚೆನ್ನಾಗಿ ನೆನಪಿದೆ. ಲಾರಿ ಬಂದದ್ದು ಗೊತ್ತಾಯಿತು, ಆದರೆ ಯಾವುದೋ ದೂರದ ಬೀದಿಯಲ್ಲಿ ಬಂದ ಹಾಗೆ. ಅದಕ್ಕಿಂತ ಹತ್ತಿರದಲ್ಲಿ ನನ್ನ ಉಸಿರು ಕೇಳಿಸುತ್ತಿತ್ತು. ಎದೆ ಬಡಿತ ಕೂಡ. ಮೊದಲು ಗಾಬರಿಯಾಯಿತು. ಕಿವಿ ಮುಚ್ಚಿದಾಗ ಮೈಯೊಳಗಿನ ಸದ್ದು ಜಾಸ್ತಿ ಕೇಳುವುದು ಸಹಜ. ಸ್ವಲ್ಪ ಹೊತ್ತಿಗೆ ಅದೇ ಜೋಗುಳದಂತೆ ಆಯಿತು. ಬೆಳಿಗ್ಗೆ ಆರೂವರೆಗೆ ಎದ್ದಾಗ ನನಗೆ ಅಳು ಬಂತು, ಅಷ್ಟು ಚೆನ್ನಾಗಿ ನಿದ್ದೆ ಬಂದಿತ್ತು.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್, ಅಂದರೆ ಸದ್ದು ಎಷ್ಟು ಕಡಿಮೆಯಾಗುತ್ತದೆ ಅನ್ನುವ ಅಂಕಿ, 29 ಡೆಸಿಬೆಲ್ ಅಂತ ಇದೆ. ಅದು ಪ್ರಯೋಗಾಲಯದ ಲೆಕ್ಕ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆ 1998ರಲ್ಲಿ ಫೋಮ್ ಪ್ಲಗ್ಗಿನ ಅಂಕಿಯನ್ನು ಅರ್ಧಕ್ಕೆ ಇಳಿಸಿ ನೋಡಿ ಅಂದಿತ್ತು. ಹಾಗಾದರೆ ಹದಿನಾಲ್ಕು, ಹದಿನೈದು. ನಿದ್ದೆಗೆ ನನಗೆ ಅಷ್ಟು ಸಾಕಾಗಿದೆ. ಸಾವಿರಾರು ರೂಪಾಯಿಯ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಒಳ್ಳೆಯದು, ಆದರೆ ಅದನ್ನು ಹಾಕಿಕೊಂಡು ಮಗ್ಗುಲಾಗಿ ಮಲಗಲು ಆಗುವುದಿಲ್ಲ.

ನಾನು ಇದನ್ನು ಬರೆಯಲು ಕೂತದ್ದು ಅಪ್ಪನಿಗಾಗಿ. ಅಪ್ಪ ನಲವತ್ತು ವರ್ಷ ಮಗ್ಗದ ಪಕ್ಕ ನಿಂತವರು, ಈಗಲೂ ಎರಡು ಮಗ್ಗ ನೋಡಿಕೊಳ್ಳುತ್ತಾರೆ. ಅಮ್ಮ ಸೊಪ್ಪು ತನ್ನಿ ಅಂದರೆ ಉಪ್ಪು ತರುತ್ತಾರೆ. ಸದ್ದಿನ ಏಟಿಗೆ ಮೊದಲು ಹೋಗುವುದು ತೆಳುವಾದ, ಏರುದನಿಯ ಶಬ್ದಗಳು. ಸ, ಶ ಥರದವು. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಾವೆಲ್ಲ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು.

ನಯೋಶ್ ಲೆಕ್ಕದಲ್ಲಿ 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ ಸರಿ. ಅಲ್ಲಿಂದ 3 ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧ ಆಗುತ್ತದೆ. 94ಕ್ಕೆ ಬರೀ ಒಂದು ಗಂಟೆ. ಲಾಳಿ ಮಗ್ಗದ ಕೋಣೆ 90 ದಾಟುವುದು ಮಾಮೂಲು. ಅಪ್ಪ ನಿಂತದ್ದು ದಿನಕ್ಕೆ ಹನ್ನೆರಡು ಗಂಟೆ. ಶಬ್ದವನ್ನು ಹಿಡಿಯುವ, ಕಿವಿಯೊಳಗಿನ ಸಣ್ಣ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದನ್ನು ತಿಳಿದ ದಿನ ನಾನು ಊಟ ಮಾಡಲಿಲ್ಲ. ನಮ್ಮ ಓದು, ನನ್ನ ಮದುವೆ, ಎಲ್ಲ ಆ ಕಿವಿಗಳಿಂದ ನಡೆದದ್ದು ಅಲ್ವಾ?

ಊರಿಗೆ ಹೋದಾಗ ಹತ್ತು ಜೋಡಿ ತಗೊಂಡು ಹೋದೆ. ‘ಬೇಡ ಕಣಮ್ಮ’ ಅಂದರು. ‘ಮಗ್ಗದ ಸದ್ದು ಕೇಳದಿದ್ರೆ ಎಳೆ ಕಡಿದದ್ದು ಹೆಂಗೆ ಗೊತ್ತಾಗ್ಬೇಕು?’ ಸರಿಯಾದ ಮಾತೇ. ನೇಯುವವರು ಅರ್ಧ ಕೆಲಸ ಕಿವಿಯಲ್ಲೇ ಮಾಡುತ್ತಾರೆ. ‘ಒಂದು ವಾರ ನೋಡಪ್ಪ, ಆಗ್ಲಿಲ್ಲ ಅಂದ್ರೆ ಬಿಸಾಕು’ ಅಂದೆ. ನಾನೇ ಕಿವಿ ಎಳೆದು ಹಾಕಿದೆ. ನಾಲ್ಕನೇ ದಿನ ಫೋನ್ ಮಾಡಿದರು. ಸದ್ದು ಸಣ್ಣಗಾದರೂ ಲಾಳಿ ತಪ್ಪಿದರೆ ಗೊತ್ತಾಗುತ್ತದಂತೆ, ಸಂಜೆ ತಲೆಭಾರವೂ ಇಲ್ಲವಂತೆ.

ರಾತ್ರಿ ಮಾತ್ರ ಹಾಕುವುದಿಲ್ಲ. ಹಾಕಿದರೆ ಒಳಗೆ ಜೀರುಂಡೆ ಕೂಗಿದ ಹಾಗೆ ಗುಂಯ್ ಅನ್ನುತ್ತದಂತೆ. ಅದು ಮುಂಚಿನಿಂದಲೂ ಇದ್ದದ್ದೇ. ಮಗ್ಗದ ಸದ್ದು, ಟಿವಿ ಸದ್ದು ಅದನ್ನು ಮುಚ್ಚಿಟ್ಟಿದ್ದವು. ಅಂಥ ಗುಂಯ್‌ಗುಟ್ಟುವಿಕೆ ಇರುವವರಿಗೆ ಪೂರ್ತಿ ಮೌನ ಹಿಂಸೆಯೇ ಆಗಬಹುದು. ಕಿವಿ ಡಾಕ್ಟರಿಗೆ ತೋರಿಸಿ. ನಾವೂ ತೋರಿಸಿದ್ದೇವೆ, ಹಿಯರಿಂಗ್ ಏಡ್ ಮಾತು ನಡೆಯುತ್ತಿದೆ.

ತಗೊಳ್ಳುವವರಿಗೆ ಇನ್ನೆರಡು ಮಾತು. ಇದೇ ಪ್ಲಗ್ ದಾರ ಇರುವುದೂ ಸಿಗುತ್ತದೆ, 1110 ಅಂತ. ತಿರುಗುವ ಯಂತ್ರದ ಹತ್ತಿರ ಅದು ಬೇಡವೇ ಬೇಡ, ಸಿಕ್ಕಿಕೊಳ್ಳುತ್ತದೆ. ತೆಗೆಯುವಾಗ ನಿಧಾನವಾಗಿ ತಿರುಗಿಸಿ ತೆಗೆಯಿರಿ. ಕೊಳೆಯಾದರೆ, ಒತ್ತಿದ ಮೇಲೆ ಅರಳದಿದ್ದರೆ ಎಸೆಯಿರಿ, ತೊಳೆದು ಹಾಕಿಕೊಳ್ಳಬೇಡಿ. ಕಿವಿ ಸೋರುವವರು ಮುಟ್ಟಬಾರದು.

ಮುಂದಿನ ತಿಂಗಳು ಒಂದು ದೊಡ್ಡ ಡಬ್ಬವನ್ನೇ ಊರಿಗೆ ಒಯ್ಯುತ್ತಿದ್ದೇನೆ. ಪಕ್ಕದ ಮನೆಯ ಮಗ್ಗಕ್ಕೆ ಇಪ್ಪತ್ತೆರಡು ವರ್ಷದ ಹುಡುಗ ಹೊಸದಾಗಿ ಸೇರಿದ್ದಾನೆ. ಅವನಿಗೆ ಕಿವಿ ಎಳೆದು ಹಾಕುವುದನ್ನು ತಾನೇ ಹೇಳಿಕೊಡುತ್ತೇನೆ ಅಂದಿದ್ದಾರೆ ಅಪ್ಪ.