ಡಿಪಿಎಫ್ ಲೈಟ್ ಪದೇ ಪದೇ ಬರುತ್ತಿದ್ದರೆ ಒಮ್ಮೆ ಈ ವರ್ಕ್‌ಶಾಪ್‌ನವರಿಗೆ ತೋರಿಸಿ

ನನ್ನದು ಬಿಎಸ್6 ಲಾರಿ, ಟೆನ್ ವೀಲರ್. ಪಣಂಬೂರು ಬಂದರಿನಿಂದ ಬೈಕಂಪಾಡಿ, ಸುರತ್ಕಲ್ ಕಡೆ ಲೋಡು ಹೊಡೆಯುವುದೇ ಜಾಸ್ತಿ. ಗೇಟ್ ಹತ್ತಿರ ಕ್ಯೂ, ಇಂಜಿನ್ ಆನ್, ನಾಲ್ಕು ಹೆಜ್ಜೆ ಓಡಿ ಮತ್ತೆ ಆಫ್. ಡಿಪಿಎಫ್‌ಗೆ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಈ ಓಟ ಆಗುವುದೇ ಇಲ್ಲ. ಫಿಲ್ಟರಿನ ಒಳಗೆ ಕೂತ ಮಸಿ ಉರಿದು ಹೋಗಲು, ಅಂದರೆ ರೀಜನ್ ಆಗಲು, ಸುಮಾರು 600 ಡಿಗ್ರಿ ಬಿಸಿ ಬೇಕು. ಲೋಡು ಹೊತ್ತು ಶಿರಾಡಿ ಹತ್ತುವ ಗಾಡಿಗಳಿಗೆ ಅದು ಸುಲಭ, ಲೋಕಲ್ ಓಡುವವರಿಗೆ ಎಲ್ಲಿಂದ ಬರಬೇಕು?

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ತೋರಿಸಿದ್ದೆ. ಹೆಸರು ಬೇಡ. ಲ್ಯಾಪ್‌ಟಾಪ್ ಹಾಕಿ ಫೋರ್ಸ್ ರೀಜನ್ ಮಾಡುವುದು, ದುಡ್ಡು ತೆಗೆದುಕೊಳ್ಳುವುದು, ಸ್ವಲ್ಪ ದಿನಕ್ಕೆ ಲೈಟ್ ಮತ್ತೆ ಹಾಜರ್. ಕೊನೆಗೆ ಕೂಳೂರು ಸೇತುವೆ ಮೇಲೆ ಪಿಕಪ್ಪೇ ಇಲ್ಲದೆ ಗಾಡಿ ತೆವಳಿತು, ಹಿಂದಿನವರ ಹಾರ್ನ್ ಬೇರೆ. ಆಮೇಲೆ ಅವರ ಸಲಹೆ ಏನು ಗೊತ್ತುಂಟಾ? ಫಿಲ್ಟರಿನ ಒಳಗಿನದ್ದನ್ನು ಒಡೆದು ತೆಗೆದು, ಸಾಫ್ಟ್‌ವೇರ್ ಬದಲಿಸಿ ಬಿಡುವ ಅಂತ! ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಆ ಕಪ್ಪು ಹೊಗೆ ಕುಡಿಯುವವರು ನಾವೇ ಅಲ್ವಾ.

ಈ ವರ್ಕ್‌ಶಾಪ್‌ನವರು ಗಾಡಿ ಬಂದ ಕೂಡಲೇ ಫಿಲ್ಟರ್ ಬಿಚ್ಚಲಿಲ್ಲ. ನನಗೆ ಹಿಡಿಸಿದ್ದೇ ಅದು. "ಅಣ್ಣ, ಮಸಿ ತುಂಬಿದ್ದು ಹೌದು, ಆದ್ರೆ ಇಷ್ಟು ಬೇಗ ಯಾಕೆ ತುಂಬ್ತದೆ ಅಂತ ಮೊದಲು ನೋಡುವ" ಅಂದ ಹುಡುಗ. ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್ ಎಷ್ಟು ವ್ಯತ್ಯಾಸ ಇದೆ ಎಂದು ಸ್ಕ್ಯಾನರಿನಲ್ಲಿ ತೋರಿಸಿದ, ಆ ಸೆನ್ಸರಿನ ಸಪೂರ ರಬ್ಬರ್ ಪೈಪ್ ಬಿಚ್ಚಿ ಊದಿ ನೋಡಿದ, ಇಂಜೆಕ್ಟರ್ ಚೆಕ್ ಮಾಡಿದ, ಆಮೇಲೆ ಟಾರ್ಚ್ ಹಿಡಿದು ಗಾಡಿಯಡಿ ಮಲಗಿದ. ಇಂಟರ್‌ಕೂಲರ್ ಹೋಸ್‌ನ ಕ್ಲಾಂಪ್ ಪಕ್ಕದಲ್ಲೇ ಎಣ್ಣೆ ಧೂಳು ಸೇರಿ ಕಪ್ಪು ಗೆರೆ. ಬಟ್ಟೆಯಲ್ಲಿ ಒರೆಸಿದರೆ ಉಗುರಿನಷ್ಟು ಉದ್ದದ ಬಿರುಕು. ಟರ್ಬೋದಿಂದ ಬರುವ ಗಾಳಿ ಅಲ್ಲಿ ಸೋರಿ ಹೋದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಜಾಸ್ತಿ. ಇದನ್ನು ಬಿಟ್ಟು ಬರೀ ರೀಜನ್ ಮಾಡುತ್ತಾ ಕೂತರೆ ಲೈಟ್ ಬಾರದೆ ಇರುತ್ತದಾ?

ಆಮೇಲೆ ಫಿಲ್ಟರ್ ಇಳಿಸಿ, ತೂಕ ಮಾಡಿ, ಓವನ್‌ನಲ್ಲಿ ಕಾಯಿಸಿ, ಗಾಳಿ ಹೊಡೆದರು. ನಯವಾದ ಬೂದು ಪುಡಿ ಹೊರಗೆ ಬಂತು. ಮಸಿ ರೀಜನ್‌ನಲ್ಲಿ ಸುಡುತ್ತದೆ, ಬೂದಿ ಎಷ್ಟು ಕಾಯಿಸಿದರೂ ಸುಡುವುದಿಲ್ಲ. ಅದು ಇಂಜಿನ್ ಆಯಿಲ್‌ನಿಂದ ಬರುವುದು. ಹಾಗಾಗಿ ಸಿಕ್ಕಿದ ಆಯಿಲ್ ಹಾಕಬೇಡಿ, ಕಂಪನಿ ಹೇಳಿದ ಕಡಿಮೆ ಬೂದಿಯ ಗ್ರೇಡೇ ಹಾಕಿ ಎಂದರು. ಕೊನೆಗೆ ಮತ್ತೆ ತೂಕ, ಮತ್ತೆ ಪ್ರೆಶರ್ ರೀಡಿಂಗ್, ಎರಡೂ ಬಿಲ್ಲಿನಲ್ಲಿ ಬರೆದು ಕೊಟ್ಟರು. ಪ್ರೆಶರ್ ವಾಶರ್ ಹಿಡಿದು ನೀರು ಹೊಡೆಯುವವರೂ ಇದ್ದಾರೆ ಮಾರಾಯ್ರೆ, ಅಂಥವರ ಕೈಗೆ ಕೊಡಬೇಡಿ.

ನಮ್ಮ ಡ್ರೈವರಿಗೂ ಒಂದು ಪಾಠ ಆಯಿತು. ಲೈಟ್ ಬಂದಾಗೆಲ್ಲ ಅವನು ಆ್ಯಡ್‌ಬ್ಲೂ ತುಂಬಿಸುತ್ತಿದ್ದ! ಅದು ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಯೂರಿಯಾ ನೀರು, ಮಸಿಗೂ ಅದಕ್ಕೂ ಸಂಬಂಧವೇ ಇಲ್ಲ. ರೀಜನ್ ನಡೆಯುವಾಗ ಸುಮ್ನೆ ಕೀ ತಿರುಗಿಸಿ ಆಫ್ ಮಾಡಬಾರದು, ಒಣಹುಲ್ಲಿನ ಮೇಲೆ ನಿಲ್ಲಿಸಬಾರದು ಎಂದೂ ಅವನನ್ನು ಕೂರಿಸಿ ಹೇಳಿದರು.

ಬೇಜಾರು ಇಲ್ಲವಾ? ಉಂಟು. ಸಂಜೆ ಕೊಡುತ್ತೇವೆ ಅಂದವರು ಮರುದಿನ ಮಧ್ಯಾಹ್ನ ಕೊಟ್ಟರು, ನಡುವೆ ಫೋನ್ ಎತ್ತಲಿಲ್ಲ. ಒಂದು ದಿನದ ಬಾಡಿಗೆ ಹೋಯಿತು. ಕೂರಲು ಸರಿಯಾದ ಜಾಗ ಇಲ್ಲ, ಮಳೆಗಾಲದಲ್ಲಿ ಶೀಟಿನ ಅಡಿ ನಿಂತರೂ ನೆನೆಯುತ್ತೀರಿ. ರೇಟ್ ಕಡಿಮೆ ಅಂತ ಹೇಳಲಾರೆ, ಆದರೆ ಹೊಸ ಫಿಲ್ಟರಿನ ಬೆಲೆ ವಿಚಾರಿಸಿದವರು ಚೌಕಾಸಿ ಮಾಡುವುದಿಲ್ಲ. ಐದರಲ್ಲಿ ನಾಲ್ಕು ಸ್ಟಾರ್. ಓವನ್ ಒಂದೇ ಇರುವುದು, ಹಿಂದಿನ ದಿನವೇ ಫೋನ್ ಮಾಡಿ ನಂಬರ್ ಹಚ್ಚಿ ಹೋಗಿ.