ಊಟದ ಮೇಜಿಗೆ ಪ್ಲೈ, ಪೈನ್, ಹಲಸು: ಮೂರೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಲಸಿಗೆ. ಮೂರರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದೂ ಅದೇ. ಒಂದು ಮಾರ್ಚ್ ರಾತ್ರಿ ಠಪ್ ಅಂತ ಸೀಳಿ ಮನೆಯವರನ್ನೆಲ್ಲ ಎಬ್ಬಿಸಿದ ಮೇಜು ಅದು. ಆದರೂ ಯಾರಾದರೂ ಕೇಳಿದರೆ ಹಲಸಿನಲ್ಲೇ ಮಾಡಿ ಅನ್ನುತ್ತೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಮಾಡಬೇಡಿ.

ನಾನು ಬಡಗಿ ಅಲ್ಲ. ಊರು ಶಿರಸಿ ಹತ್ತಿರ, ಇರುವುದು ಬೆಂಗಳೂರಿನ ಎರಡನೇ ಮಹಡಿಯ ಮನೆಯಲ್ಲಿ. ಬಾಲ್ಕನಿಯೇ ಕಾರ್ಖಾನೆ. ಹತ್ತಿರ ಇರುವುದು ಒಂದು ಸರ್ಕ್ಯುಲರ್ ಗರಗಸ, ಡ್ರಿಲ್ಲು, ಎರಡು ಉಳಿ, ಮರ ಹೆರೆದು ನುಣುಪು ಮಾಡುವ ಅಜ್ಜನ ಕಾಲದ ಒಂದು ತೋಪಡ, ನಾಲ್ಕು ಉದ್ದನೆಯ ಕ್ಲ್ಯಾಂಪು. ಮೂರು ಮೇಜಿಗೂ ಅಳತೆ ಒಂದೇ: 5 ಅಡಿ ಉದ್ದ, 3 ಅಡಿ ಅಗಲ, 30 ಇಂಚು ಎತ್ತರ. ನಾಲ್ಕು ಕಾಲು, ಕಾಲುಗಳನ್ನು ಹಿಡಿಯುವ ನಾಲ್ಕು ಪಟ್ಟಿ, ಮೇಲೊಂದು ಹಲಗೆ. ಅಷ್ಟೇ. ಡಿಸೈನು ಗಿಸೈನು ಏನೂ ಇಲ್ಲ.

2018ರಲ್ಲಿ ಮಾಡಿದ್ದು ಪ್ಲೈವುಡ್ಡಿನದು. ಪ್ಲೈಯ ಸುಖ ಏನೆಂದರೆ 8 ಅಡಿಗೆ 4 ಅಡಿಯ ಒಂದು ಶೀಟು ತಂದರೆ ಮೇಲ್ಭಾಗ ಸಿಕ್ಕಿಬಿಡುತ್ತದೆ, ಹಲಗೆ ಹಲಗೆ ಜೋಡಿಸುವ ರಗಳೆ ಇಲ್ಲ. ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಹವೆಗೆ ಅದು ಹೆಚ್ಚುಕಮ್ಮಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಈ ಒಂದು ವಿಷಯದಲ್ಲಿ ಹಲಸು ಪ್ಲೈ ಮುಂದೆ ತಲೆ ತಗ್ಗಿಸಲೇಬೇಕು.

ಆದರೆ ನಾನು ದುಡ್ಡು ಉಳಿಸಲು ಹೋಗಿ ಎಂಆರ್ ಪ್ಲೈ ತಂದೆ. ಊಟದ ಮೇಜಿಗೆ ಇದು ಸಾಕು ಸಾರ್ ಅಂದರು ಅಂಗಡಿಯವರು, ನಾನೂ ತಲೆಯಾಡಿಸಿದೆ. ಎಂಆರ್ ಅಂದರೆ ತೇವ ತಡೆಯುತ್ತದೆ ಅಂತ, ನೀರು ತಡೆಯುತ್ತದೆ ಅಂತ ಅಲ್ಲ. ನೀರಿಗೆ ತಡೆಯುವುದು ಐಎಸ್ 710 ಅಂತ ಮುದ್ರೆ ಇರುವ ಬಿಡಬ್ಲ್ಯೂಪಿ ಪ್ಲೈ. ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಾರೆ, ನೀರಿನ ತಂಬಿಗೆ ಯಾವಾಗಲೂ ಅದೇ ಮೂಲೆಯಲ್ಲಿ. ಆ ಮೂಲೆಯಲ್ಲಿ ಅಂಚಿನ ಪಟ್ಟಿ ಒಂದು ಕೂದಲೆಳೆಯಷ್ಟು ಎದ್ದಿತ್ತು, ಅಲ್ಲಿಂದ ನೀರು ಇಳಿದು ಒಂದೂವರೆ ವರ್ಷದಲ್ಲಿ ಪದರಗಳು ಹಪ್ಪಳದ ಹಾಗೆ ಉಬ್ಬಿದವು. ಉಬ್ಬಿದ ಪ್ಲೈಯನ್ನು ಏನೂ ಮಾಡಲು ಬರುವುದಿಲ್ಲ. ತೋಪಡ ಹೊಡೆಯಲು ಆಗುವುದಿಲ್ಲ, ಉಜ್ಜಿದರೆ ಮೇಲೆ ಅಂಟಿಸಿದ ಮೈಕಾ ಹಾಳೆ ಹೋಗುತ್ತದೆ. ಎಸೆಯಬೇಕು ಅಷ್ಟೇ.

ಅದರಲ್ಲಿ ಇನ್ನೊಂದು ಎಡವಟ್ಟು ಮಾಡಿದ್ದೆ, ಅದು ಪ್ಲೈಯ ತಪ್ಪಲ್ಲ. ಕಾಲು ಹಿಡಿಯುವ ಪಟ್ಟಿ ಗಟ್ಟಿ ಇರಲಿ ಅಂತ 6 ಇಂಚು ಅಗಲ ಇಟ್ಟಿದ್ದೆ. ಊರಿಂದ ಆಯಿ, ಅಂದರೆ ಅಮ್ಮ, ಬಂದಳು. ಅವಳು ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿಯೇ ಕೂರುವವಳು. ಮಂಡಿ ಹೋಗಿ ಪಟ್ಟಿಗೆ ತಾಗುತ್ತಿತ್ತು, ಕೊನೆಗೆ ತಟ್ಟೆ ಎತ್ತಿಕೊಂಡು ನೆಲಕ್ಕೇ ಇಳಿದಳು. ಆಮೇಲಿನ ಎರಡು ಮೇಜಿಗೂ ಪಟ್ಟಿ ಮೂರೂವರೆ ಇಂಚು. ಹಾಗೆ ಕೂರುವವರು ನಿಮ್ಮ ಮನೆಯಲ್ಲಿದ್ದರೆ ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮಂಡಿಯ ಎತ್ತರ ಅಳೆದುಕೊಳ್ಳಿ.

ಖರ್ಚು ಆಗ ಸುಮಾರು 7,000 ಆಗಿತ್ತು, ಮೈಕಾ ಸೇರಿ.

2020ರ ಲಾಕ್‌ಡೌನಿನಲ್ಲಿ ಎರಡನೆಯದು, ಪೈನ್. ಮೆಷಿನ್ನು ತುಂಬಿ ಬರುವ ಪೆಟ್ಟಿಗೆಗಳ ಮರ, ಪರಿಚಯದವರ ಗೋಡೌನಿನಿಂದ ಅಗ್ಗಕ್ಕೆ ಸಿಕ್ಕಿತು. ಇಂಥ ಮರ ತರುವವರು ಮುದ್ರೆ ನೋಡಿ ತನ್ನಿ. ಗೋಧಿ ತೆನೆಯ ಚಿತ್ರದ ಪಕ್ಕ ಎಚ್‌ಟಿ ಅಂತ ಇದ್ದರೆ ಹುಳ ಸಾಯಲು ಮರವನ್ನು ಬಿಸಿ ಮಾಡಿದ್ದಾರೆ ಅಂತ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ ಅಂತ, ಅದನ್ನು ಊಟದ ಮೇಜಿಗಂತೂ ಮುಟ್ಟಬೇಡಿ. ನನ್ನದು ಎಚ್‌ಟಿ.

ಕೆಲಸ ಮಾಡಲು ಪೈನಿನಷ್ಟು ಸಾಧು ಮರ ಇನ್ನೊಂದಿಲ್ಲ. ಗರಗಸ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಹಗುರ, ಒಬ್ಬನೇ ಎತ್ತಿ ತಿರುಗಿಸಬಹುದು. ಆದರೆ ಅದೇ ಮೆದುತನ ಊಟದ ಮೇಜಿಗೆ ಶಾಪ. ಮಗಳು ನೋಟ್‌ಬುಕ್ಕಿನ ಒಂದೇ ಹಾಳೆ ಇಟ್ಟು ಬರೆದಳು, ಮೂರರ ಮಗ್ಗಿ ಪೂರ್ತಿ ಮೇಜಿನ ಮೇಲೆ ಅಚ್ಚಾಯಿತು. ಚಪಾತಿ ಮಣೆಯ ಕಾಲಿನ ಗುರುತು, ಕುಕ್ಕರಿನ ತಳದ ಗುರುತು. ಬಿಳಿ ಮರವಾದ್ದರಿಂದ ಸಾರಿನ ಅರಿಶಿನ ಬಿದ್ದಲ್ಲೆಲ್ಲ ನಕ್ಷೆ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ ಅಂತ ವಾರಕ್ಕೊಮ್ಮೆ ಮೇಜನ್ನು ಬಾಲ್ಕನಿಗೆ ಎಳೆಯುತ್ತಿದ್ದೆ ಕೂಡ, ಮಾಸುತ್ತಿತ್ತು, ಮತ್ತೆ ಬೀಳುತ್ತಿತ್ತು. ಮೊಳೆಗಳ ತುಂಡು ಒಳಗೇ ಉಳಿದು ತೋಪಡದ ಅಲಗು ಎರಡು ಕಡೆ ಮುಕ್ಕಾಯಿತು, ಆ ಸಿಟ್ಟು ಇನ್ನೂ ಹೋಗಿಲ್ಲ. 4,500 ರೂಪಾಯಿಯೊಳಗೆ ಮುಗಿಯಿತು. ಮೇಜು ಈಗಲೂ ಇದೆ, ಇಸ್ತ್ರಿ ಮಾಡಲು.

ಇನ್ನು ಹಲಸು.

2022ರ ಆಗಸ್ಟಿನಲ್ಲಿ ಊರಿಗೆ ಹೋದಾಗ ಸಾಮಿಲ್ಲಿನಲ್ಲಿ ಹಲಸಿನ ಹಲಗೆ ನೋಡಿದೆ. ಒಂದೂವರೆ ಇಂಚು ದಪ್ಪ, 9 ಇಂಚು ಅಗಲ, ಆಗ ತಾನೇ ಸೀಳಿದ ಅರಿಶಿನದ ಬಣ್ಣ. ಅಲ್ಲೇ ಸೋತೆ. ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ: ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ನನ್ನ ಮೇಜಿಗೆ ಮೂರು ಸಿಎಫ್‌ಟಿ ಹತ್ತಿರ ಬಂತು, ಕತ್ತರಿಸಿ ಹಾಳಾಗುವುದಕ್ಕೆ ಇನ್ನೊಂದು ಸೇರಿಸಿ ನಾಲ್ಕು ತಗೊಂಡೆ. ಸಿಎಫ್‌ಟಿಗೆ 1,500 ಕೊಟ್ಟೆ. ಹೊರಗಿನ ಬಿಳಿ ಭಾಗ ಬೇಡ, ಅದಕ್ಕೆ ಕುಟ್ಟೆ ಹುಳ ಬೀಳುತ್ತದೆ, ಒಳಗಿನ ಹಳದಿ ಕೆಚ್ಚು ಮಾತ್ರ ಕೊಡಿ ಅಂತ ನಿಂತು ಆರಿಸಿದೆ. ಅಷ್ಟು ಬುದ್ಧಿ ಇತ್ತು. ಒಣಗಿದೆಯಾ ಅಂತ ಕೇಳಿದ್ದಕ್ಕೆ ಚೆನ್ನಾಗಿ ಒಣಗಿದೆ ಅಂದರು, ಅದನ್ನು ನಂಬುವಷ್ಟು ದಡ್ಡತನವೂ ಇತ್ತು. ಹೊರಗೆ ಧಾರಾಕಾರ ಮಳೆ, ಶೆಡ್ಡಿನ ನೆಲದಲ್ಲಿ ನೀರು, ಹಲಗೆ ಎತ್ತಿದರೆ ಕಲ್ಲಿನಷ್ಟು ಭಾರ.

ಅಪ್ಪಯ್ಯ ಮುಟ್ಟಿ ನೋಡಿ ಅಂದ, "ಹಸಿ ಇದ್ದು, ಈಗ್ಲೇ ತಗಂಡ್ ಹೋಗಡ." ಮಾಳಿಗೆಯಲ್ಲಿ ಇಟ್ಟುಬಿಡು, ಮುಂದಿನ ವರ್ಷ ಒಯ್ಯು ಅಂದ. ದಪ್ಪ ಒಂದು ಇಂಚಿಗೆ ಒಂದು ವರ್ಷ ಒಣಗಬೇಕು ಅನ್ನುವುದು ಹಳಬರ ಲೆಕ್ಕ. ನನ್ನದು ಒಂದೂವರೆ ಇಂಚು. ನಾನು ಕಾದದ್ದು 40 ದಿನ.

ಅಕ್ಟೋಬರಿನಲ್ಲಿ ಮೇಜು ಆಯಿತು. ನಾಲ್ಕು ಹಲಗೆಗಳ ಅಂಚಿಗೆ ತೋಪಡ ಹೊಡೆದು, ಫೆವಿಕಾಲ್ ಹಚ್ಚಿ, ಕ್ಲ್ಯಾಂಪಿನಲ್ಲಿ ಬಿಗಿದೆ. ಎಷ್ಟು ಚೆಂದ ಬಂತೆಂದರೆ ಗೆರೆ ಎಲ್ಲಿದೆ ಅಂತ ನನಗೇ ಹುಡುಕಬೇಕಿತ್ತು. ಮೇಲ್ಭಾಗ ಬಾಗದಿರಲಿ ಅಂತ ಅಡಿಯಲ್ಲಿ ಎರಡು ಅಡ್ಡಪಟ್ಟಿ ಕೊಟ್ಟೆ, ಅದಕ್ಕೂ ಫೆವಿಕಾಲ್, ಸಾಲದ್ದಕ್ಕೆ ಆರಾರು ಇಂಚಿಗೆ ಒಂದೊಂದು ಸ್ಕ್ರೂ. ಎಷ್ಟು ಬಿಗಿಯೋ ಅಷ್ಟು ಗಟ್ಟಿ ಅಂದುಕೊಂಡಿದ್ದೆ.

ಮರ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಕುಗ್ಗುವುದೆಲ್ಲ ಅಗಲಕ್ಕೆ. ಹಾಗಾಗಿ ಬೆಂಗಳೂರಿನ ಫೆಬ್ರವರಿ, ಮಾರ್ಚಿನ ಒಣ ಗಾಳಿಗೆ ಮೇಲಿನ ಹಲಗೆಗಳು ಅಗಲದಲ್ಲಿ ಕುಗ್ಗಲು ಹೊರಟವು. ಅಡಿಯ ಪಟ್ಟಿಗಳ ನಾರು ಅದೇ ದಿಕ್ಕಿಗೆ ಉದ್ದಕ್ಕೆ ಓಡುತ್ತದೆ, ಅವು ಕುಗ್ಗುವುದಿಲ್ಲ, ಬಿಡುವುದೂ ಇಲ್ಲ, ಅಂಟು ಮತ್ತು ಸ್ಕ್ರೂ ಹಾಕಿ ನಾನೇ ಕಟ್ಟಿಹಾಕಿದ್ದೇನೆ. ಏನಾದರೂ ಒಂದು ಹರಿಯಲೇಬೇಕು. ರಾತ್ರಿ ಹನ್ನೊಂದೂವರೆಗೆ ಹರಿಯಿತು. ಹೆಂಡತಿ ಗೋಡೆಯೇ ಬಿರಿಯಿತು ಅಂದುಕೊಂಡಳು. ಲೈಟು ಹಾಕಿ ನೋಡಿದರೆ ಮೇಜಿನ ಒಂದು ತುದಿಯಿಂದ ಎರಡು ಅಡಿ ಉದ್ದದ ಸೀಳು, ನಾಣ್ಯ ನೆಟ್ಟಗೆ ನಿಲ್ಲುವಷ್ಟು ಅಗಲ. ತಮಾಷೆ ಏನೆಂದರೆ ಅಂಟಿನ ಗೆರೆ ಬಿಟ್ಟಿರಲಿಲ್ಲ, ಅದರ ಪಕ್ಕದ ಮರವೇ ಸೀಳಿತ್ತು.

ಆ ಸೀಳಿನೊಳಗೆ ಅವಲಕ್ಕಿ ಬಿತ್ತು, ಅವಲಕ್ಕಿಗೆ ಇರುವೆ ಬಂತು, ಇರುವೆಗೆ ಮನೆಯವರ ಬೈಗುಳ ನನಗೆ ಬಂತು. ಮರದ ಪುಡಿಗೆ ಅಂಟು ಕಲಸಿ ತುಂಬಿದೆ. ಇದು ಎರಡನೇ ತಪ್ಪು. ಮಳೆಗಾಲದಲ್ಲಿ ಮರ ಮತ್ತೆ ಹಿಗ್ಗಿತು, ಸೀಳು ಮುಚ್ಚಿಕೊಳ್ಳಲು ನೋಡಿದರೆ ಮಧ್ಯದಲ್ಲಿ ಕಲ್ಲಿನಂಥ ಪುಟ್ಟಿ. ಅದು ಬೆಣೆಯ ಹಾಗೆ ಒತ್ತಿ ಸೀಳನ್ನು ಇನ್ನೂ ನಾಲ್ಕು ಇಂಚು ಮುಂದಕ್ಕೆ ಓಡಿಸಿತು.

ಕೊನೆಗೆ 2024ರ ಫೆಬ್ರವರಿಯಲ್ಲಿ, ಮರ ಪೂರ್ತಿ ಒಣಗಿದ ಹೊತ್ತಿನಲ್ಲಿ, ಮೇಜನ್ನು ಮಗುಚಿ ಹಾಕಿದೆ. ಅಡ್ಡಪಟ್ಟಿಗಳನ್ನು ಉಳಿಯಲ್ಲಿ ಕೆತ್ತಿ ಕೆತ್ತಿ ಎಬ್ಬಿಸಲು ಅರ್ಧ ದಿನ ಹೋಯಿತು. ಸೀಳಿನ ಗುಂಟ ಮೇಲ್ಭಾಗವನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಎರಡೂ ಅಂಚಿಗೆ ತೋಪಡ ಹೊಡೆದು, ಮತ್ತೆ ಅಂಟಿಸಿದೆ. ಒಂದು ಇಂಚು ಅಗಲ ಹೋಯಿತು, ಹೋಗಲಿ. ಈ ಸಲ ಅಡ್ಡಪಟ್ಟಿಗೆ ಅಂಟು ಹಾಕಲಿಲ್ಲ. ನಡುವಿನ ತೂತು ಮಾತ್ರ ದುಂಡಗೆ, ಉಳಿದವನ್ನು ಪಟ್ಟಿಯ ಉದ್ದಕ್ಕೆ ಎಳೆದು ಅರ್ಧ ಇಂಚಿನ ಸಂದಿಯ ಹಾಗೆ ಮಾಡಿದೆ, ವಾಷರ್ ಇಟ್ಟು ಸ್ಕ್ರೂ ಹಾಕಿದೆ. ಕಾಲಿನ ಪಟ್ಟಿಗೆ ಮೇಲ್ಭಾಗವನ್ನು ಹಿಡಿಸಿದ್ದೂ ಹಾಗೇ, ಉದ್ದ ತೂತಿನ, ಎಲ್ ಆಕಾರದ ಲೋಹದ ತುಂಡುಗಳಲ್ಲಿ. ಈಗ ಮರ ಬೇಕಾದಷ್ಟು ಓಡಾಡಿಕೊಳ್ಳಲಿ. ಅಡಿಯಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದೇನೆ, ಬೇಸಿಗೆಗೂ ಮಳೆಗಾಲಕ್ಕೂ ಸುಮಾರು 4 ಮಿಲಿಮೀಟರ್ ಆಚೀಚೆ ಆಗುತ್ತದೆ. ಮತ್ತೆ ಸೀಳಿಲ್ಲ.

ಇಷ್ಟೆಲ್ಲ ಆದ ಮೇಲೂ ಹಲಸೇ ಯಾಕೆ ಅಂದರೆ, ಈ ರಿಪೇರಿ ಪ್ಲೈಯಲ್ಲಿ ಆಗುತ್ತಿರಲಿಲ್ಲ. ಹಲಸಿನಲ್ಲಿ ನನ್ನ ಪೆದ್ದತನವನ್ನೂ ಕೆತ್ತಿ ತೆಗೆಯಬಹುದು. ಮಗಳು ಕೈವಾರದಲ್ಲಿ ಗೀರಿದ ಗುರುತು ಉಪ್ಪುಕಾಗದದಲ್ಲಿ ಹತ್ತು ನಿಮಿಷಕ್ಕೆ ಹೋಯಿತು. ಅರಿಶಿನದ ಕಲೆ ಬಿದ್ದರೂ ಹಳದಿ ಮರದಲ್ಲಿ ಕಾಣುವುದಿಲ್ಲ, ಇದು ನಮ್ಮಂಥ ಮನೆಗೆ ಸಣ್ಣ ಮಾತಲ್ಲ. ಬಣ್ಣವಂತೂ ವರ್ಷದಿಂದ ವರ್ಷಕ್ಕೆ ಹಳದಿಯಿಂದ ಜೇನಿನ ಬಣ್ಣಕ್ಕೆ, ಅಲ್ಲಿಂದ ಕಂದು ಬಣ್ಣಕ್ಕೆ ಇಳಿಯುತ್ತಿದೆ. ತಂಬಿಗೆ ಇಡುವ ಮೂಲೆ ಮಾತ್ರ ಸ್ವಲ್ಪ ಕಪ್ಪು. ಮೃದಂಗದ ಗೂಡಿಗೆ ಬಳಸುವ ಮರ ಇದು, ಬೆರಳಲ್ಲಿ ತಟ್ಟಿದರೆ ಪ್ಲೈಯ ಹಾಗೆ ಡಬ್ ಡಬ್ ಅನ್ನುವುದಿಲ್ಲ.

ಎಣ್ಣೆಯ ವಿಷಯ. ಅಪ್ಪಯ್ಯ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚು ಅಂದ. ಅದು ಮಾಡಿನ ಪಕಾಸಿಗೆ, ಅಂದರೆ ಸೂರಿನ ಮರಗಳಿಗೆ, ಸರಿ, ಗೆದ್ದಲು ಹತ್ತಿರ ಬರುವುದಿಲ್ಲ, ಆದರೆ ಚರ್ಮ ಸುಡುವ ಎಣ್ಣೆ, ಮೊಣಕೈ ಊರುವ ಮೇಜಿಗೆ ಬೇಡ. ನಾನು ಹಚ್ಚಿದ್ದು ಅಂಗಡಿಯಲ್ಲಿ ಬಾಯಿಲ್ಡ್ ಅಂತ ಮಾರುವ, ಬೇಗ ಒಣಗುವ ಅಗಸೆ ಎಣ್ಣೆ, ತೆಳುವಾಗಿ ಮೂರು ಸಲ, ಈಗ ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಒಂದು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ ಎಸೆಯಿರಿ.

ಸಾಗುವಾನಿ ಯಾಕೆ ಇಲ್ಲ ಅಂತ ಕೇಳಬಹುದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ವಿಚಾರಿಸಿದೆ, ನನಗೆ ಹೇಳಿದ ಬೆಲೆ ಹಲಸಿನ ಮೂರು ಪಟ್ಟು. ಅಷ್ಟು ದುಡ್ಡಿನ ಮರದ ಮೇಲೆ ಕೈ ಪಳಗಿಸುವ ಧೈರ್ಯ ಇಲ್ಲ.

ಹಲಸಿನ ಮೇಜಿಗೆ ಲಾರಿ ಬಾಡಿಗೆ, ಎಣ್ಣೆ, ಸ್ಕ್ರೂ ಎಲ್ಲ ಸೇರಿ 9,000 ಮುಟ್ಟಿತು. ಪ್ಲೈಗಿಂತ ಎರಡು ಸಾವಿರ ಜಾಸ್ತಿ. ಅದರಲ್ಲಿ ನನ್ನ ಭಾನುವಾರಗಳ ಲೆಕ್ಕ ಇಲ್ಲ, ಅದನ್ನು ಸೇರಿಸಿದರೆ ಅಂಗಡಿಯಲ್ಲಿ ಎರಡು ಮೇಜು ಬರುತ್ತಿತ್ತೇನೋ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವವರಾದರೆ ಪೈನ್ ಮಾಡಿಕೊಳ್ಳಿ, ಹಲಸಿನದನ್ನು ಮೆಟ್ಟಿಲಲ್ಲಿ ಇಳಿಸಲು ಮೂರು ಜನ ಬೇಕು. ಮುಂದಿನ ತಿಂಗಳೇ ಮೇಜು ಬೇಕು, ಕಾಯಲು ಆಗುವುದಿಲ್ಲ ಅಂದರೆ ಬಿಡಬ್ಲ್ಯೂಪಿ ಪ್ಲೈ ತಂದು ಅಂಚಿಗೆ ಮರದ ರೀಪು ಹೊಡೆಯಿರಿ. ಉಳಿದವರು ಹಲಸು ತಂದು, ಹಲಗೆಗಳ ತುದಿಗೆ ಪೇಂಟು ಬಳಿದು, ಮಧ್ಯೆ ಮಧ್ಯೆ ಒಂದೇ ದಪ್ಪದ ಪಟ್ಟಿ ಇಟ್ಟು ಅಟ್ಟಿ ಹಾಕಿ ಮರೆತುಬಿಡಿ. ಒಣಗಿತೋ ಇಲ್ಲವೋ ತಿಳಿಯಲು ಮೀಟರ್ ಬೇಕಿಲ್ಲ, ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಗರಗಸ ಹಿಡಿಯಿರಿ.

ಮೇಜಿಗೆ ಜೋಡಿಯಾಗಿ ಒಂದು ಬೆಂಚು ಮಾಡೋಣ ಅಂತ ಕಳೆದ ಬೇಸಿಗೆಯಲ್ಲಿ ಎರಡು ಹಲಗೆ ತಂದಿದ್ದೇನೆ. ಮಂಚದ ಕೆಳಗಿವೆ. ಹೋದ ಭಾನುವಾರ ದೊಡ್ಡದು 11 ಕೆಜಿ 400 ಗ್ರಾಂ ಇತ್ತು, ಈ ಭಾನುವಾರ 11 ಕೆಜಿ 350. ಬೆಂಚು ಯಾವಾಗ ಅಂತ ಹೆಂಡತಿ ಕೇಳುವುದನ್ನು ಬಿಟ್ಟಿದ್ದಾಳೆ, ಈಗ ತೂಕ ಎಷ್ಟು ಅಂತಷ್ಟೇ ಕೇಳುತ್ತಾಳೆ.